ಬ್ರೋಮೋ ಫಿನೈಲ್‌ಅಲನಿನ್ ತರಿಸುವ ಮುಂಚೆ

ರಾಯಚೂರು, ಸಿಂಧನೂರು ಕಡೆಯ ಗೊಬ್ಬರದ ಅಂಗಡಿಗಳಲ್ಲಿ ‘ಅಮೈನೋ ಆಸಿಡ್’ ಅಂತ ಬರೆದ ಬಾಟಲಿ ಸಿಗುತ್ತದೆ. ಭತ್ತಕ್ಕೆ, ಮೆಣಸಿನಕಾಯಿಗೆ ಹೊಡೆಯುತ್ತಾರೆ. ಜಿಮ್‌ಗೆ ಹೋಗುವ ಹುಡುಗರಿಗೂ ಆ ಹೆಸರಿನ ಡಬ್ಬಿ ಗೊತ್ತು. ಹಾಗಾಗಿ ಲ್ಯಾಬಿಗೆ ಹೊಸದಾಗಿ ಸೇರಿದವರು 4-ಬ್ರೋಮೋ-ಎಲ್-ಫಿನೈಲ್‌ಅಲನಿನ್ ಬಾಟಲಿ ನೋಡಿ, “ಸರ್, ಇದೂ ಅದೇ ಅಲ್ವಾ?” ಅಂತ ಕೇಳುತ್ತಾರೆ. ಅಲ್ಲ. ಇದು ಬೆಳೆಗೂ ಅಲ್ಲ, ಮೈಗೂ ಅಲ್ಲ.

ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ನಾವು ದಿನಾ ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲೇ ಇದೆ. ಅದರ ಬೆಂಜೀನ್ ಉಂಗುರದ ತುದಿಯ ಒಂದು ಹೈಡ್ರೋಜನ್ ತೆಗೆದು, ಆ ಜಾಗದಲ್ಲಿ ಬ್ರೋಮಿನ್ ಕೂರಿಸಿದರೆ ಈ ವಸ್ತು. ಅಣುತೂಕ 165ರಿಂದ 244ಕ್ಕೆ ಏರುತ್ತದೆ. ಒಂದೇ ಪರಮಾಣು ಬದಲಾದರೆ ಏನಾಗುತ್ತೆ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಇದೇ ಜಾಗದಲ್ಲಿ ಕ್ಲೋರಿನ್ ಇರುವ ಫಿನೈಲ್‌ಅಲನಿನ್ ದೇಹದಲ್ಲಿ ಸೆರೊಟೋನಿನ್ (ನರಗಳ ನಡುವೆ ಸಂದೇಶ ಸಾಗಿಸುವ ವಸ್ತು) ತಯಾರಾಗುವುದನ್ನೇ ತಡೆಯುತ್ತದೆ. 1966ರಿಂದಲೇ ಇದು ಗೊತ್ತಿರುವ ಸಂಗತಿ. ‘ಲ್ಯಾಬ್ ಬಳಕೆಗೆ ಮಾತ್ರ’ ಎಂಬ ಲೇಬಲ್ ಸುಮ್ನೆ ಅಂಟಿಸಿದ್ದಲ್ಲ.

ಹಾಗಾದರೆ ಬ್ರೋಮಿನ್ ಯಾಕೆ ಬೇಕು? ಕ್ರಿಯೆ ನಡೆಸಿಕೊಡುವ ಪಲ್ಲಾಡಿಯಂ ಲೋಹ ಬಂದು ಹಿಡಿಯುವ ಜಾಗ ಅದು. ಬ್ರೋಮಿನ್ ಇದ್ದಲ್ಲಿ ಪಲ್ಲಾಡಿಯಂ ಸೇರಿಕೊಳ್ಳುತ್ತದೆ, ಬೋರಾನ್ ಹೊತ್ತು ತಂದ ಇನ್ನೊಂದು ಉಂಗುರವನ್ನು ಅಲ್ಲಿಗೆ ಜೋಡಿಸುತ್ತದೆ, ಬ್ರೋಮಿನ್ ಹೊರಗೆ ಹೋಗುತ್ತದೆ. ಅಕಿರಾ ಸುಜುಕಿ 1979ರಲ್ಲಿ ತೋರಿಸಿದ ದಾರಿ ಇದು. 2010ರಲ್ಲಿ ಹೆಕ್, ನೆಗಿಶಿ ಜೊತೆ ಅವರಿಗೆ ನೊಬೆಲ್ ಬಂತು. ಕ್ಲೋರಿನ್ ಹಾಕಿದರೆ ಕ್ರಿಯೆ ಸುಲಭಕ್ಕೆ ನಡೆಯುವುದಿಲ್ಲ, ಅಯೋಡಿನ್ ಹಾಕಿದರೆ ಖರ್ಚು ಜಾಸ್ತಿ. ಬ್ರೋಮಿನ್ ಎರಡಕ್ಕೂ ನಡುವೆ ಹದವಾಗಿ ನಿಲ್ಲುತ್ತದೆ. ಒಂದೇ ಬಾಟಲಿಯಿಂದ ಹತ್ತಾರು ಹೊಸ ಅಮೈನೋ ಆಮ್ಲ ಮಾಡಬಹುದು. ಹೊಸ ಔಷಧ ಹುಡುಕುವವರಿಗೆ ಬೇಕಾಗಿರುವುದೇ ಅದು.

ಈಗ ತರಿಸುವ ವಿಷಯ. ಹೆಸರು ನೋಡಿ ಆರ್ಡರ್ ಮಾಡಬೇಡಿ, ಸಿಎಎಸ್ ನಂಬರ್ ಹಾಕಿ. ರಾಸಾಯನಿಕಕ್ಕೆ ಕೊಟ್ಟಿರುವ ಗುರುತಿನ ಸಂಖ್ಯೆ ಅದು. ಎಲ್, ಡಿ ಅಂದರೆ ಎಡಗೈ-ಬಲಗೈ ಹಾಗೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪ. ಎಲ್ ರೂಪಕ್ಕೆ 24250-84-8. ಡಿ ರೂಪಕ್ಕೆ 62561-74-4. ಎರಡೂ ಬೆರೆತ ಡಿಎಲ್‌ಗೆ 14091-15-7. ಬರೆಯುವಾಗ ಒಂದು ಅಂಕಿ ತಪ್ಪಿದರೆ ಹೆಚ್ಚಿನ ಸಲ ಅಲ್ಲೇ ಹಿಡಿಯಬಹುದು. ಕೊನೆಯ ಅಂಕಿ ತಾಳೆ ನೋಡಲಿಕ್ಕೇ ಇರುವುದು. 24250-84-8 ತಗೊಳ್ಳಿ. ಕೊನೆಯ 8 ಬಿಟ್ಟು, ಬಲದಿಂದ ಎಡಕ್ಕೆ 4, 8, 0, 5, 2, 4, 2. ಇವನ್ನು ಕ್ರಮವಾಗಿ 1, 2, 3, 4, 5, 6, 7ರಿಂದ ಗುಣಿಸಿ ಕೂಡಿ. 88 ಬರುತ್ತದೆ. ಅದರ ಕೊನೆಯ ಅಂಕಿ 8, ನಂಬರಿನ ಕೊನೆಯಲ್ಲೂ 8. ಸರಿ ಇದೆ. ಪರ್ಚೇಸ್ ವಿಭಾಗದವರಿಗೂ ಇದನ್ನು ಕಲಿಸಿ, ಒಂದು ನಿಮಿಷದ ಕೆಲಸ.

ಬಾಕ್ ಹಾಕಿದ್ದಾ, ಹಾಕದ್ದಾ ಅಂತಲೂ ಬರೆಯಿರಿ. ಬಾಕ್, ಸಿಬಿಜೆಡ್ ಎರಡೂ ಅಮೈನೋ ತುದಿ ಬೇರೆ ಕ್ರಿಯೆಗೆ ಸಿಗದಂತೆ ತಾತ್ಕಾಲಿಕವಾಗಿ ಹಾಕುವ ಮುಚ್ಚಳಗಳು. 10 ಗ್ರಾಂ ಬರೀ ಅಮೈನೋ ಆಮ್ಲ ಅಂದರೆ 41 ಮಿಲಿಮೋಲ್ (ಅಣುಗಳ ಎಣಿಕೆಯ ಅಳತೆ). ಬಾಕ್ ಇದ್ದರೆ ಅಣುತೂಕ 344, ಅದೇ 10 ಗ್ರಾಂ ಬರೀ 29 ಮಿಲಿಮೋಲ್. ಇನ್ನು ಸಿಬಿಜೆಡ್ ಹಾಕಿದ್ದು ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದರೆ, ಮುಂದೆ ಅದನ್ನು ತೆಗೆಯುವಾಗ ಯೋಚನೆ ಮಾಡಬೇಕಾಗುತ್ತದೆ. ಹೈಡ್ರೋಜನ್, ಪಲ್ಲಾಡಿಯಂ-ಕಾರ್ಬನ್ ಬಳಸಿದರೆ ಬ್ರೋಮಿನ್ನೂ ಕಿತ್ತು ಹೋಗಬಹುದು. ಕೈಯಲ್ಲಿ ಉಳಿಯುವುದು ಮಾಮೂಲಿ ಫಿನೈಲ್‌ಅಲನಿನ್.

ನನಗೆ ಎಲ್ಲಕ್ಕಿಂತ ಚಿಂತೆ ಮಾಲಿನ ಜೊತೆ ಬರುವ ಸರ್ಟಿಫಿಕೇಟಿನದು. ‘ಶುದ್ಧತೆ 99%, ಎಚ್‌ಪಿಎಲ್‌ಸಿ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ ವಸ್ತುಗಳನ್ನು ಬೇರ್ಪಡಿಸುವ ಪರೀಕ್ಷೆ ಅದು. ಓದಿದವರು ನಿಶ್ಚಿಂತರಾಗುತ್ತಾರೆ. ಆದರೆ ಸಾಮಾನ್ಯ ಸಿ18 ಕಾಲಮ್‌ನಲ್ಲಿ ಎಲ್ ಮತ್ತು ಡಿ ಒಂದೇ ಹೊತ್ತಿಗೆ ಹೊರಬರುತ್ತವೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ತೆಗೆದರೂ ಒಂದೇ ಚಿತ್ರ. ಅಣುವಿನ ತೂಕ ಅಳೆಯುವ ಮಾಸ್ ಯಂತ್ರದಲ್ಲಿ ನೋಡಿದರೂ ಅಷ್ಟೇ. ಅಂದರೆ ಅರ್ಧಕ್ಕರ್ಧ ಡಿ ಬೆರೆತ ಮಾಲು ಕೂಡ 99% ಅನ್ನಿಸಿಕೊಂಡು ಪಾಸಾಗಬಲ್ಲದು! ಎಲ್‌ಗಿಂತ ಡಿಎಲ್ ಸಾಮಾನ್ಯವಾಗಿ ಅಗ್ಗ ಎಂಬುದನ್ನೂ ಮರೆಯಬೇಡಿ. ಅದಕ್ಕೇ ಎಲ್, ಡಿ ಬೇರ್ಪಡಿಸಿ ತೋರಿಸುವ ಕೈರಲ್ ಕಾಲಮ್ ಮೇಲಿನ ಫಲಿತಾಂಶ ಬೇರೆಯಾಗಿ ಕೇಳಿ. ಅದು ಸಿಗದಿದ್ದರೆ ಪೋಲಾರಿಮೀಟರ್ (ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಉಪಕರಣ) ರೀಡಿಂಗ್ ಆದರೂ ಇರಲಿ, ಯಾವ ದ್ರಾವಕದಲ್ಲಿ, ಎಷ್ಟು ಸಾಂದ್ರತೆಯಲ್ಲಿ ತೆಗೆದದ್ದು ಎಂಬುದರ ಸಮೇತ. ಒಮ್ಮೆ ನಮಗೆ ಬಂದ ಸರ್ಟಿಫಿಕೇಟಿನಲ್ಲಿ ಈ ಎರಡೂ ಇರಲಿಲ್ಲ. ಕೇಳಿದಾಗ ಮಾರಿದವರು 99%ನ ಕಾಗದವನ್ನೇ ಮತ್ತೆ ಕಳಿಸಿದರು. ಮಾಲು ವಾಪಸ್ ಹೋಯಿತು.

ಬ್ರೋಮಿನ್ ಇದೆಯೋ ಇಲ್ಲವೋ ಎಂಬುದನ್ನು ನೋಡುವುದು ಮಾತ್ರ ಸುಲಭ. ಪ್ರಕೃತಿಯಲ್ಲಿ ಬ್ರೋಮಿನ್ನಿನ 79 ಮತ್ತು 81 ತೂಕದ ಎರಡು ಬಗೆಯ ಪರಮಾಣುಗಳು ಹೆಚ್ಚುಕಡಿಮೆ ಸಮಸಮ ಇವೆ. ಹಾಗಾಗಿ ಮಾಸ್‌ನಲ್ಲಿ 244 ಮತ್ತು 246ಕ್ಕೆ ಒಂದೇ ಎತ್ತರದ ಜೋಡಿ ಗೆರೆ ನಿಲ್ಲುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಬಳ್ಳಾರಿ, ಕೊಪ್ಪಳದ ಡಿಗ್ರಿ ಕಾಲೇಜುಗಳಲ್ಲಿ ಆ ಯಂತ್ರ ಇಲ್ಲದಿದ್ದರೂ ಇನ್ನೊಂದು ಪರೀಕ್ಷೆ ಮಾಡಬಹುದು. ಉಂಗುರದ ಬ್ರೋಮಿನ್ ಇದೆಯೇ ಎಂಬುದನ್ನಲ್ಲ, ಮಾಲು ಉಪ್ಪಿನ ರೂಪದಲ್ಲಿ ಬಂದಿದೆಯೇ ಎಂಬುದನ್ನು ಅದು ಹೇಳುತ್ತದೆ. ಚಿಟಿಕೆಯಷ್ಟು ಪುಡಿಯನ್ನು ತೆಳು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಸಿಲ್ವರ್ ನೈಟ್ರೇಟ್ ಎರಡು ಹನಿ ಹಾಕಿ. ದ್ರಾವಣ ತಿಳಿಯಾಗೇ ಉಳಿಯಬೇಕು, ಯಾಕೆಂದರೆ ಉಂಗುರಕ್ಕೆ ಅಂಟಿದ ಬ್ರೋಮಿನ್ ಬೆಳ್ಳಿಗೆ ಸಿಗುವುದಿಲ್ಲ. ಬೆಳ್ಳಗೆ ಮೊಸರಾದರೆ ಬಂದಿರುವುದು ಹೈಡ್ರೋಕ್ಲೋರೈಡ್ ಉಪ್ಪಿರಬೇಕು. ಕೆನೆ ಬಣ್ಣ ಬಂದರೆ ಬಿಡಿ ಬ್ರೋಮೈಡ್ ಇದೆ ಅಂತ ಅರ್ಥ. ಎರಡರಲ್ಲೂ ನಿಮ್ಮ ತೂಕದ ಲೆಕ್ಕ ಬದಲಾಗುತ್ತದೆ.

ತೂಕ ಮಾಡುವಾಗ ಗ್ಲೌಸ್, ಕನ್ನಡಕ, ಮಾಸ್ಕ್ ಇರಲಿ. ಪುಡಿ ನಯವಾಗಿರುತ್ತದೆ, ಮೇ ತಿಂಗಳ ಸೆಕೆಗೆ ಫ್ಯಾನ್ ಹಾಕಿಕೊಂಡು ತೂಗಿದರೆ ಹಾರುತ್ತದೆ. ಬಾಟಲಿ ಬಿಗಿಯಾಗಿ ಮುಚ್ಚಿ, ತಂಪಾದ ಒಣ ಜಾಗದಲ್ಲಿಡಿ.

ಹರಳು ಸೋಸಿದ ಮೇಲೆ ಉಳಿಯುವ ದ್ರಾವಣ, ಅಂದರೆ ಮದರ್ ಲಿಕರ್, ಸಿಂಕಿಗೆ ಹೋಗಬಾರದು. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವೆ ಬದುಕುವವರು ನಾವು. ಹ್ಯಾಲೊಜನ್ (ಕ್ಲೋರಿನ್, ಬ್ರೋಮಿನ್, ಅಯೋಡಿನ್ ಗುಂಪು) ಇರುವ ತ್ಯಾಜ್ಯಕ್ಕೆ ಬೇರೆ ಡ್ರಮ್ ಇಡಿ. ಬ್ರೋಮಿನ್ ಇರುವುದನ್ನು ಸುಟ್ಟಾಗ ಹೈಡ್ರೋಜನ್ ಬ್ರೋಮೈಡ್ ಹೊಗೆ ಬರುತ್ತದೆ, ಅದಕ್ಕೆ ತಕ್ಕ ಕುಲುಮೆಗೇ ಅದು ಸೇರಬೇಕು. ಆ ಡ್ರಮ್ಮಿನ ಮೇಲೆ ‘ಬ್ರೋಮಿನ್ ಇದೆ’ ಅಂತ ಕನ್ನಡದಲ್ಲೂ ದೊಡ್ಡದಾಗಿ ಬರೆಯಿರಿ. ಅದನ್ನು ಎತ್ತಿ ಲಾರಿಗೆ ಹಾಕುವವರು ಓದುವುದು ಕನ್ನಡವನ್ನೇ.