"ಒಳ್ಳೆಯವರು, ಆದರೆ...": ಅರ್ಜಿದಾರರ ಮೌಲ್ಯಮಾಪನದಲ್ಲಿ ಅಂಗವೈಕಲ್ಯ ಮತ್ತು ಲಿಂಗ

ಅಮೆರಿಕದ ಮನೋವಿಜ್ಞಾನಿ ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2002ರಲ್ಲಿ ಮುಂದಿಟ್ಟ ಮಾದರಿಯಿಂದ ಶುರು ಮಾಡಿದರೆ ಈ ವಿಷಯ ಸುಲಭ. ಬೇರೆಯವರನ್ನು ನಾವು ಎರಡು ಪ್ರಶ್ನೆ ಹಾಕಿಕೊಂಡು ಅಳೆಯುತ್ತೇವೆ: ಇವರು ಒಳ್ಳೆಯವರಾ? ಇವರ ಕೈಲಿ ಕೆಲಸ ಆಗುತ್ತಾ? ಅಂಗವೈಕಲ್ಯ ಇರುವವರಿಗೆ ಮೊದಲನೆಯದರಲ್ಲಿ ಅಂಕ ಜಾಸ್ತಿ, ಎರಡನೆಯದರಲ್ಲಿ ಕಡಿಮೆ. "ಪಾಪ, ಒಳ್ಳೆ ಮನುಷ್ಯ" ಅನ್ನುವ ಧಾಟಿ. ಇದೂ ಪೂರ್ವಗ್ರಹವೇ. ದ್ವೇಷ ಕಾಣದ್ದರಿಂದ ಪತ್ತೆಹಚ್ಚುವುದು ಕಷ್ಟ, ಅಷ್ಟೇ.

2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ನೋಡಿ. ಅಕೌಂಟಿಂಗ್ ಹುದ್ದೆಗಳಿಗೆ ಸಂಶೋಧಕರು ಆರು ಸಾವಿರದಷ್ಟು ಕಾಲ್ಪನಿಕ ಅರ್ಜಿ ಕಳಿಸಿದರು. ಕೆಲವು ಪತ್ರಗಳಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ ಎಂದೋ ಆಸ್ಪರ್ಜರ್ ಸಿಂಡ್ರೋಮ್ (ಆಟಿಸಂನ ಒಂದು ರೂಪ) ಇದೆ ಎಂದೋ ಬರೆದಿತ್ತು. ಲೆಕ್ಕಪತ್ರದ ಕೆಲಸಕ್ಕೆ ಅಡ್ಡಿಯಾಗಲಾರದಂಥವನ್ನೇ ಬೇಕೆಂದು ಆರಿಸಿದ್ದರು. ಆದರೂ ಅಂಥ ಅರ್ಜಿಗಳಿಗೆ ಕಂಪನಿಗಳ ಆಸಕ್ತಿ 26% ಕಡಿಮೆ. ಅಂತರ ಹೆಚ್ಚಾಗಿ ಕಂಡಿದ್ದು ಅನುಭವ ಜಾಸ್ತಿ ಇದ್ದವರಲ್ಲಿ! ಅನುಭವ ಕಂಡ ಮೇಲೆ ಅನುಮಾನ ಕರಗಬೇಕಿತ್ತು, ಅಲ್ವಾ?

ಲಿಂಗದ ಕಡೆ 2012ರ ಅಧ್ಯಯನ ಪ್ರಸಿದ್ಧ. ಲ್ಯಾಬ್ ಮ್ಯಾನೇಜರ್ ಹುದ್ದೆಗೆ ಒಂದೇ ಅರ್ಜಿ. ಕೆಲವು ವಿಜ್ಞಾನ ಪ್ರಾಧ್ಯಾಪಕರಿಗೆ ಜಾನ್ ಹೆಸರಲ್ಲಿ, ಉಳಿದವರಿಗೆ ಜೆನಿಫರ್ ಹೆಸರಲ್ಲಿ ಹೋಯಿತು. ಜಾನ್‌ಗೆ ಸುಮಾರು 30,000 ಡಾಲರ್ ಸಂಬಳ ಕೊಡಬಹುದು ಎಂದರು, ಜೆನಿಫರ್‌ಗೆ ಸುಮಾರು 26,500. ಮಹಿಳಾ ಪ್ರಾಧ್ಯಾಪಕರೂ ಹಾಗೇ ಅಂದಾಜು ಮಾಡಿದರು. ಅನೇಕರು ಬಿಟ್ಟುಬಿಡುವ ವಿವರ ಇನ್ನೊಂದಿದೆ: ಅವರಿಗೆ ಹೆಚ್ಚು ಇಷ್ಟವಾಗಿದ್ದು ಜೆನಿಫರೇ. ಇಷ್ಟವಾದಳು, ಆದರೆ ಸಮರ್ಥಳು ಅನ್ನಿಸಲಿಲ್ಲ.

ಅಂಗವೈಕಲ್ಯ, ಲಿಂಗ ಎರಡೂ ಒಬ್ಬರಲ್ಲೇ ಸೇರಿದಾಗ ಏನಾಗುತ್ತದೆ? ಸುಮ್ನೆ "ಎರಡು ಪಟ್ಟು ನಷ್ಟ" ಎಂದರೆ ಸಾಲದು. ಒಂದರ ಪರಿಣಾಮ ಇನ್ನೊಂದನ್ನು ಅವಲಂಬಿಸಿ ಬದಲಾಗಬಹುದು. ಇದಕ್ಕೇ ಇಂಟರಾಕ್ಷನ್ ಎನ್ನುವುದು. ಹುದ್ದೆ ಯಾವುದು ಎನ್ನುವುದೂ ಮುಖ್ಯ. ಮ್ಯಾನೇಜರ್ ಹುದ್ದೆಗೆ ಗಟ್ಟಿಯಾಗಿ ಮಾತಾಡುವ ಹೆಣ್ಣು ಸಮರ್ಥಳು ಅನ್ನಿಸಿಕೊಂಡರೂ "ಜಗಳಗಂಟಿ" ಎಂಬ ಹಣೆಪಟ್ಟಿ ಬೀಳುತ್ತದೆ. ಮೆತ್ತಗೆ ಮಾತಾಡಿದರೆ ಹುದ್ದೆಗೆ ಸಾಲದು ಎನ್ನುತ್ತಾರೆ. ಅವಳು ಗಾಲಿಕುರ್ಚಿಯಲ್ಲಿದ್ದರೆ "ಪಾಪ" ಎಂಬ ನೋಟವೂ ಜೊತೆಗೂಡುತ್ತದೆ. ಗಂಡಸಿನ ವಿಷಯದಲ್ಲಿ ಅದೇ ಗಾಲಿಕುರ್ಚಿ, ಗಂಡಸೆಂದರೆ ಗಟ್ಟಿ ಎಂಬ ನಿರೀಕ್ಷೆಗೆ ಡಿಕ್ಕಿ ಹೊಡೆಯುತ್ತದೆ.

ಇಂಥ ಅಧ್ಯಯನ ಓದುವಾಗ ಅರ್ಜಿದಾರರಿಗೆ ಅಂಕ ಹೇಗೆ ಕೊಟ್ಟಿದ್ದಾರೆ ನೋಡಿ. ಸ್ವಭಾವಕ್ಕೂ ಸಾಮರ್ಥ್ಯಕ್ಕೂ ಬೇರೆ ಬೇರೆ ಅಂಕ ಕೊಟ್ಟಿದ್ದಾರಾ? ಎರಡನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ, ಒಂದರಲ್ಲಿ ಬಂದ ಹೆಚ್ಚು ಅಂಕ ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ಆಗ "ತಾರತಮ್ಯ ಕಾಣಲಿಲ್ಲ" ಎಂಬ ಫಲಿತಾಂಶವನ್ನು ನಂಬುವಂತಿಲ್ಲ.