ಮಬ್ಬು ಬೆಳಕಿನ ಫೋಟೊಗೆ ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ

ದಾವಣಗೆರೆಯ ಯಾವುದಾದರೂ ಮಂಡಕ್ಕಿ ಭಟ್ಟಿಗೆ ಕ್ಯಾಮೆರಾ ಹಿಡಿದು ಹೋಗಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ತಗಡಿನ ಮಾಡು, ಹೊಗೆ ಹಿಡಿದ ಗೋಡೆ, ಒಂದು ಬಲ್ಬು, ಒಲೆಯ ಬೆಂಕಿ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿದ್ದರೆ ಭಟ್ಟಿಯವರ ಕೈ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನಿಮ್ಮ ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಫೋಟೊದಲ್ಲಿ ಮಾತ್ರ ಕೈ ಮಸುಕು, ಮುಖದ ತುಂಬ ಬಣ್ಣಬಣ್ಣದ ಚುಕ್ಕೆ. ಅದನ್ನು ಯಾರಿಗೆ ತೋರಿಸಿದರೂ ಸಿಗುವ ಸಲಹೆ ಒಂದೇ: 'ನಿಮ್ಮ ಕ್ಯಾಮೆರಾ ಹಳೇದಾಯ್ತು ಸಾರ್, ಜಾಸ್ತಿ ಮೆಗಾಪಿಕ್ಸೆಲ್‌ದು ತಗೊಳ್ಳಿ.'

ಈ ಸಲಹೆ ಕೇಳಿ ದುಡ್ಡು ಕಳೆದುಕೊಂಡವರು ಬಹಳ ಮಂದಿ. ಮೆಗಾಪಿಕ್ಸೆಲ್ ಅನ್ನುವುದು ಚಿತ್ರವನ್ನು ಎಷ್ಟು ಚೌಕಗಳಾಗಿ ಕತ್ತರಿಸಿದ್ದಾರೆ ಅನ್ನುವ ಲೆಕ್ಕ. ಬೆಳಕು ಎಷ್ಟು ಸಿಕ್ಕಿತು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ನೆತ್ತಿಯ ಮೇಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ರಾತ್ರಿ ನಡುಮನೆಯಲ್ಲಿ ಒಂದೆರಡು ಬಲ್ಬು ಹಾಕಿದರೆ ಸಿಗುವುದು 100 ಲಕ್ಸ್ ಆಸುಪಾಸು. ಸಾವಿರಕ್ಕೆ ಒಂದು ಪಾಲು! ಕಣ್ಣು, ಮಿದುಳು ಎರಡೂ ಸೇರಿ ಈ ವ್ಯತ್ಯಾಸವನ್ನು ಎಷ್ಟು ಚೆನ್ನಾಗಿ ಸರಿದೂಗಿಸುತ್ತವೆ ಅಂದರೆ ನಮಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಹಾಗಲ್ಲ, ಬಂದಷ್ಟನ್ನು ಎಣಿಸುತ್ತದೆ.

ಎಣಿಸುತ್ತದೆ ಅಂದದ್ದು ಸುಮ್ನೆ ಅಲ್ಲ. ಬೆಳಕು ಬಿಡಿಬಿಡಿ ಕಣಗಳಾಗಿ ಬರುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ವಾದಿಸಿದರು. ಆ ಕಣಗಳನ್ನು ಈಗ ಫೋಟಾನ್ ಅನ್ನುತ್ತೇವೆ. ಶಟರ್ ತೆರೆದಿರುವಷ್ಟು ಹೊತ್ತು ಸೆನ್ಸರಿನ (ಬೆಳಕು ಹಿಡಿಯುವ ಚಿಪ್ಪಿನ) ಒಂದೊಂದು ಪಿಕ್ಸೆಲ್ಲೂ ತನ್ನ ಮೇಲೆ ಬಿದ್ದ ಫೋಟಾನ್‌ಗಳನ್ನು ಎಲೆಕ್ಟ್ರಾನ್‌ಗಳಾಗಿ ಬದಲಿಸಿ ಕೂಡಿಡುತ್ತದೆ. ಆದರೆ ಫೋಟಾನ್‌ಗಳು ಲೆಕ್ಕ ಹಾಕಿಕೊಂಡು ಬೀಳುವುದಿಲ್ಲ. ಅಡ್ಡಾದಿಡ್ಡಿ ಬೀಳುತ್ತವೆ. ಇಡೀ ಗುಟ್ಟು ಇರುವುದು ಇಲ್ಲೇ.

ದೊಡ್ಡ ಪರಾತದಲ್ಲಿ ಖಾರ ಮಂಡಕ್ಕಿ ಕಲಸಿಟ್ಟಿದ್ದಾರೆ, ಶೇಂಗಾ ಚೆನ್ನಾಗಿ ಬೆರೆತಿದೆ ಅಂದುಕೊಳ್ಳಿ. ಚಮಚದಲ್ಲಿ ತೆಗೆದರೆ ಒಮ್ಮೆ ನಾಲ್ಕು ಶೇಂಗಾ ಬರುತ್ತವೆ, ಒಮ್ಮೆ ಒಂದು, ಒಮ್ಮೆ ಒಂದೂ ಇಲ್ಲ. ಸೇರಿನಲ್ಲಿ ತೆಗೆದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟಷ್ಟೇ. ಕಲಸಿದವರ ತಪ್ಪೇನಿಲ್ಲ, ಚಮಚದಲ್ಲೂ ದೋಷವಿಲ್ಲ. ಎಣಿಕೆ ಸಣ್ಣದಾದರೆ ಏರುಪೇರು ಎದ್ದು ಕಾಣುತ್ತದೆ, ಅಷ್ಟೇ. ಒಂದೇ ಬಿಳಿ ಗೋಡೆಯ ಮೇಲೆ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಿಗೆ ಸಿಗುವ ಫೋಟಾನ್ ಸಂಖ್ಯೆಯೂ ಹೀಗೇ ಬೇರೆಬೇರೆ. ಫೋಟೊದಲ್ಲಿ ಚುಕ್ಕೆ ಕಂಡರೆ 'ಗ್ರೇನ್ಸ್ ಬಂದಿದೆ' ಅನ್ನುತ್ತೀವಲ್ಲ, ಅದರ ದೊಡ್ಡ ಪಾಲು ಇದೇ.

ಏರುಪೇರು ಎಷ್ಟಿರುತ್ತದೆ ಅನ್ನುವುದಕ್ಕೂ ಸೊಗಸಾದ ನಿಯಮವಿದೆ. ಅದು ಎಣಿಕೆಯ ವರ್ಗಮೂಲದಷ್ಟು. 100 ಫೋಟಾನ್ ಬರಬೇಕಾದ ಕಡೆ ಸುಮಾರು 10 ಆಚೀಚೆ ಆಗುತ್ತದೆ, ಅಂದರೆ ಶೇಕಡಾ 10. 10,000 ಬರುವ ಕಡೆ 100 ಆಚೀಚೆ, ಅಂದರೆ ಶೇಕಡಾ 1. ನಿರ್ವಾತ ಕೊಳವೆಗಳ ವಿದ್ಯುತ್ತಿನಲ್ಲಿ ಇಂಥದ್ದೇ ಏರುಪೇರನ್ನು ಜರ್ಮನಿಯ ಭೌತವಿಜ್ಞಾನಿ ವಾಲ್ಟರ್ ಶಾಟ್ಕಿ 1918ರಲ್ಲೇ ವಿವರಿಸಿದ್ದರು. ಡಿಜಿಟಲ್ ಕ್ಯಾಮೆರಾದ ಕನಸೂ ಇಲ್ಲದ ಕಾಲ ಅದು. ಇದು ಬೆಳಕಿನೊಳಗೇ ಇರುವ ಗುಣ. ಯಾವ ಕಂಪನಿಯ ಯಾವ ಎಂಜಿನಿಯರೂ ಇದನ್ನು ತೆಗೆದುಹಾಕಲಾರರು. ಸರ್ಕ್ಯೂಟು ತಾನೇ ಸೇರಿಸುವ ಏರುಪೇರನ್ನು ಅವರು ಬಹಳ ಮಟ್ಟಿಗೆ ಇಳಿಸಿದ್ದಾರೆ, ನಿಜ. ಈಗಿನ ಒಳ್ಳೆಯ ಸೆನ್ಸರುಗಳು ತಮ್ಮ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಡಿಯುತ್ತವೆ. ನಾಳೆ ಒಂದು ಫೋಟಾನನ್ನೂ ಬಿಡದ ಸೆನ್ಸರ್ ಬಂದರೂ ಆ ಬೆಳಕಿನಲ್ಲಿ ಲಾಭ ಎರಡು ಪಟ್ಟು ದಾಟದು. 'ಮುಂದಿನ ಮಾಡೆಲ್ ಬರಲಿ' ಎಂದು ಕಾಯುವವರು ಇದನ್ನು ಯೋಚಿಸಬೇಕು.

ಹಾಗಾದರೆ ಬೆಳಕು ಜಾಸ್ತಿ ಹಿಡಿಯುವುದು ಹೇಗೆ? ಶಟರ್ ಜಾಸ್ತಿ ಹೊತ್ತು ತೆರೆದರೆ ಭಟ್ಟಿಯವರ ಕೈ ಮಸುಕಾಗುತ್ತದೆ. ಉಳಿದದ್ದು ಲೆನ್ಸಿನ ಕಿಂಡಿ ಮತ್ತು ಸೆನ್ಸರಿನ ಅಗಲ. ಎಲ್ಲರೂ ಕ್ಯಾಮೆರಾ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಭಾಗದ ಕಡೆ ನೋಡುತ್ತಾರೆ. ನಾನು ಲೆನ್ಸ್ ಕಡೆ ನೋಡಿ ಅನ್ನುತ್ತೇನೆ.

ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು 35 ಮಿ.ಮೀ.ಗೆ ತಿರುಗಿಸಿದರೆ ಅದು ಎಫ್ 4.5ರ ಆಸುಪಾಸಿಗೆ ಬಂದಿರುತ್ತದೆ. ಎಫ್ ಸಂಖ್ಯೆ ಒಂದು ಭಾಗಾಕಾರ: ಲೆನ್ಸಿನ ಫೋಕಲ್ ಲೆಂಗ್ತ್ ಆದ 35ನ್ನು 4.5ರಿಂದ ಭಾಗಿಸಿದರೆ ಕಿಂಡಿಯ ಅಗಲ, ಸುಮಾರು 8 ಮಿ.ಮೀ. ಅದೇ 35 ಮಿ.ಮೀ.ನ ಎಫ್ 1.8 ಪ್ರೈಮ್ (ಜೂಮ್ ಇಲ್ಲದ) ಲೆನ್ಸಿನಲ್ಲಿ ಕಿಂಡಿ 19 ಮಿ.ಮೀ. ದಾಟುತ್ತದೆ. ಅಗಲ ಎರಡೂವರೆ ಪಟ್ಟು, ಹಾಗಾಗಿ ಬೆಳಕು ಆರು ಪಟ್ಟಿಗೂ ಜಾಸ್ತಿ. ಬಾಡಿ ಬದಲಿಸಿದರೆ ಏನಾಗುತ್ತದೆ ನೋಡಿ. ಸಾಮಾನ್ಯ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿ.ಮೀ., ದುಬಾರಿ ಕ್ಯಾಮೆರಾಗಳ ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ವಿಸ್ತೀರ್ಣದ ಲೆಕ್ಕದಲ್ಲಿ 2.4 ಪಟ್ಟು ಅಷ್ಟೇ. ಖರ್ಚು ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಲೆನ್ಸ್ ಬದಲಿಸಿದ ಮೇಲೂ ಸಾಲದು ಅನ್ನಿಸಿದರೆ ಆಗ ಫುಲ್ ಫ್ರೇಮ್ ಯೋಚಿಸಿ.

ಮೊಬೈಲಿನಲ್ಲೂ ಎಫ್ 1.8 ಅಂತ ಬರೆದಿರುತ್ತಾರಲ್ಲ ಅನ್ನಬಹುದು. ಅಲ್ಲಿ ಲೆನ್ಸಿನ ಫೋಕಲ್ ಲೆಂಗ್ತೇ ಐದಾರು ಮಿ.ಮೀ., ಕಿಂಡಿ 3 ಮಿ.ಮೀ. ಆಸುಪಾಸು. ಆ ಕೊರತೆಯನ್ನು ಮೊಬೈಲು ಜಾಣತನದಿಂದ ತುಂಬಿಕೊಳ್ಳುತ್ತದೆ. ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು ಸರಾಸರಿ ಮಾಡುತ್ತದೆ. ಒಂಬತ್ತು ಚಿತ್ರ ಕೂಡಿಸಿದರೆ ಗ್ರೇನ್ಸ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಮತ್ತದೇ ವರ್ಗಮೂಲದ ನಿಯಮ. ಸುಮ್ಮನೆ ಕೂತಿರುವ ಅಜ್ಜಿಗೆ ಇದು ಧಾರಾಳವಾಯಿತು. ಓಡಾಡುವ ಮೊಮ್ಮಗನಿಗೆ ಆಗುವುದಿಲ್ಲ.

ಈ ಲೆನ್ಸಿನ ಪಾಠ ಹೊಸದೇನಲ್ಲ. 1839ರಲ್ಲಿ ಫ್ರಾನ್ಸಿನ ಡಾಗೆರ್ ತನ್ನ ಛಾಯಾಚಿತ್ರ ವಿಧಾನವನ್ನು ಜಗತ್ತಿಗೆ ತೋರಿಸಿದಾಗ ಬಳಸಿದ ಲೆನ್ಸು ಸುಮಾರು ಎಫ್ 15ರದ್ದು. ಮನುಷ್ಯರ ಮುಖ ತೆಗೆಯಬೇಕೆಂದರೆ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಮರುವರ್ಷವೇ ವಿಯೆನ್ನಾದ ಗಣಿತದ ಪ್ರೊಫೆಸರ್ ಜೋಸೆಫ್ ಪೆಟ್ಸ್‌ವಾಲ್ ಎಫ್ 3.6ರ ಲೆನ್ಸಿನ ವಿನ್ಯಾಸ ಮಾಡಿದರು. ಅದಕ್ಕೆ ಬೇಕಾದ ರಾಶಿ ಲೆಕ್ಕ ಮಾಡಿಕೊಟ್ಟವರು ಆಸ್ಟ್ರಿಯಾದ ಫಿರಂಗಿ ದಳದ ಸೈನಿಕರು! ಗುಂಡಿನ ದಾರಿ ಲೆಕ್ಕ ಹಾಕುವವರು ಬೆಳಕಿನ ದಾರಿ ಲೆಕ್ಕ ಹಾಕಿದರು. ಹೆಚ್ಚುಕಡಿಮೆ ಹದಿನೇಳು ಪಟ್ಟು ಬೆಳಕು ಒಂದೇ ಏಟಿಗೆ ಸಿಕ್ಕಿತು.

ಕ್ಯಾಮೆರಾದ ಐಎಸ್‌ಒ ಸೆಟ್ಟಿಂಗ್ ಬಗ್ಗೆ ಇರುವ ಭಯವನ್ನೂ ಬಿಡಬೇಕು. 'ಐಎಸ್‌ಒ ಏರಿಸಬೇಡಿ, ಗ್ರೇನ್ಸ್ ಬರುತ್ತೆ' ಅನ್ನುವುದು ಮಂತ್ರದಂತೆ ಹರಡಿದೆ. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಏರಿಸಿದರೆ ಬಂದ ಬೆಳಕಿನ ಸಂಕೇತ ದೊಡ್ಡದಾಗುತ್ತದೆ, ಬೆಳಕು ಬದಲಾಗುವುದಿಲ್ಲ. ಐಎಸ್‌ಒ 400ರಲ್ಲೇ ಇಟ್ಟು ಕಪ್ಪಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೂ ಗ್ರೇನ್ಸ್ ಅಷ್ಟೇ ಇರುತ್ತದೆ, ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ. ಜನ ಓಡಾಡುತ್ತಿದ್ದರೆ ಶಟರ್ 1/125 ಸೆಕೆಂಡಿಗೆ ಇಟ್ಟು, ಮಕ್ಕಳಿದ್ದರೆ 1/250 ಇಟ್ಟು, ಐಎಸ್‌ಒ 3200ಕ್ಕೋ 6400ಕ್ಕೋ ಹೋಗಲಿ ಬಿಡಿ. ಸ್ವಲ್ಪ ಗ್ರೇನ್ಸ್ ಇರುವ ಫೋಟೊ ಮನೆಯ ಗೋಡೆಗೆ ಏರುತ್ತದೆ. ಮಸುಕಾದದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಸ್ಟೆಬಿಲೈಸೇಶನ್ ಬೇಕಾ? ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆ ಹೊಕ್ಕು, ನೆಲದೊಳಗಿನ ಕೋಣೆಗಳ ಗೋಡೆಯನ್ನು ಟಾರ್ಚ್ ಬೆಳಕಿನಲ್ಲಿ ತೆಗೆಯುವುದಾದರೆ ಖಂಡಿತ ಬೇಕು. ನಿಮ್ಮ ಕೈ ನಡುಕವನ್ನು ಅದು ತಡೆದುಕೊಳ್ಳುತ್ತದೆ, 1/10 ಸೆಕೆಂಡಿನಲ್ಲೂ ಕಲ್ಲು ಸ್ಪಷ್ಟವಾಗಿ ಬರುತ್ತದೆ. ಎದುರಿಗಿರುವವರು ಅಲ್ಲಾಡಿದರೆ ಮಾತ್ರ ಅದರಿಂದ ಏನೂ ಪ್ರಯೋಜನವಿಲ್ಲ.

ಗುಹೆಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಇಂಥ ಜಾಗದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳಲ್ಲಿ ದುಂಡಗಿನ ಬಿಳಿ ಗೋಳಗಳು ತೇಲುತ್ತಿರುತ್ತವೆ. ಅವು ಆತ್ಮ, ಶಕ್ತಿ ಎಂದು ವಾಟ್ಸಾಪಿನಲ್ಲಿ ಹರಿದಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವು ಧೂಳು. ಲೆನ್ಸಿನ ಮುಂದೆ ಕೆಲವೇ ಇಂಚು ದೂರದಲ್ಲಿ ತೇಲುವ ಕಣದ ಮೇಲೆ ಫ್ಲ್ಯಾಶ್ ಬಿದ್ದು ವಾಪಸ್ ಬರುತ್ತದೆ. ಅಷ್ಟು ಹತ್ತಿರದ ವಸ್ತು ಫೋಕಸ್ ಆಗದೆ ಕಿಂಡಿಯ ಆಕಾರದ ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತಿರುವ ಸಣ್ಣ ಕ್ಯಾಮೆರಾಗಳಲ್ಲಿ ಇದು ಜಾಸ್ತಿ. ನಂಬಿಕೆ ಬರದಿದ್ದರೆ ಮನೆಯಲ್ಲೇ ಒಂದು ಹಳೇ ಕಂಬಳಿ ಕೊಡವಿ, ದೀಪ ಆರಿಸಿ, ಫ್ಲ್ಯಾಶ್ ಹಾಕಿ ತೆಗೆದು ನೋಡಿ.

ಕಲ್ಯಾಣ ಮಂಟಪದ ಕಷ್ಟ ಬೇರೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್ಇಡಿ ಮತ್ತು ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಈ ಮಿಣುಕು 1/500ರಂಥ ಶಟರಿನಲ್ಲಿ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ, ಫೋಟೊಗೆ ಅಡ್ಡಪಟ್ಟಿ ಬರೆಯುತ್ತದೆ. 1/100 ಅಥವಾ 1/50ಕ್ಕೆ ಇಳಿಸಿ, ಮೆಕ್ಯಾನಿಕಲ್ ಶಟರ್ ಬಳಸಿ. ಪಟ್ಟಿ ಮಾಯ.

ಯಾವ ಪ್ರೈಮ್ ಕೊಳ್ಳಬೇಕು? ಅಗ್ಗ ಅಂತ ಎಲ್ಲರೂ 50 ಮಿ.ಮೀ. ತೆಗೆದುಕೊಳ್ಳುತ್ತಾರೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು ಫುಲ್ ಫ್ರೇಮಿನ 75 ಮಿ.ಮೀ.ನಷ್ಟು ಹತ್ತಿರ ತೋರಿಸುತ್ತದೆ. ನಮ್ಮ ಸಣ್ಣ ಕೋಣೆಗಳಲ್ಲಿ ಹಿಂದೆ ಸರಿಯುತ್ತಾ ಹೋದರೆ ಬೆನ್ನಿಗೆ ಗೋಡೆ ತಾಗುತ್ತದೆ, ಆದರೂ ನಾಲ್ಕು ಜನ ಹಿಡಿಸುವುದಿಲ್ಲ. ಮನೆಯೊಳಗೆ 35 ಮಿ.ಮೀ. ಅಥವಾ 24 ಮಿ.ಮೀ. ಒಳ್ಳೆಯದು. ಗ್ರೂಪ್ ಫೋಟೊ ತೆಗೆಯುವಾಗ ಎಫ್ 1.8ರಲ್ಲೇ ಇಟ್ಟರೆ ಮುಂದಿನ ಸಾಲು ಸ್ಪಷ್ಟ, ಹಿಂದಿನ ಸಾಲು ಮಸುಕು. ಅಲ್ಲಿ ಎಫ್ 2.8 ಅಥವಾ 4ಕ್ಕೆ ಹೋಗಿ, ಎಲ್ಲರೂ ಅಲ್ಲಾಡದೆ ನಿಂತಿರುವುದರಿಂದ ಶಟರ್ 1/60ಕ್ಕೆ ಇಳಿಸಿ.

ಕೊಳ್ಳುವ ಮುಂಚೆ ಕಿಟ್ ಲೆನ್ಸಿನ ರಿಂಗನ್ನು 35ರಲ್ಲಿ ನಿಲ್ಲಿಸಿ, ಟೇಪ್ ಅಂಟಿಸಿ, ಒಂದು ಸಂಜೆ ಮನೆಯಲ್ಲಿ ಅಷ್ಟರಲ್ಲೇ ಫೋಟೊ ತೆಗೆಯಿರಿ. ಮರುದಿನ 24ರಲ್ಲಿ ನಿಲ್ಲಿಸಿ ನೋಡಿ. ಯಾವುದು ಹಿಡಿಸಿತೋ ಆ ಲೆನ್ಸು ನಿಮ್ಮದು. ಅಂಗಡಿಗೆ ಹೋದಾಗ ಬಾಗಿಲ ಹತ್ತಿರ, ಬೀದಿಯ ಬಿಸಿಲಿಗೆ ಕ್ಯಾಮೆರಾ ಹಿಡಿದು ಪರೀಕ್ಷೆ ಮಾಡಬೇಡಿ. ಅಂಗಡಿಯ ಒಳಭಾಗಕ್ಕೆ, ಸಾಧ್ಯವಾದರೆ ಹಿಂದಿನ ಗೋಡೌನಿಗೆ ಹೋಗಿ. ಲೆನ್ಸ್ ಪೂರ್ತಿ ತೆರೆದು, ಶಟರ್ 1/125ಕ್ಕೆ ಇಟ್ಟು, ಅಂಗಡಿಯವರ ಒಪ್ಪಿಗೆ ಪಡೆದು ಅವರ ಮುಖವನ್ನೇ ತೆಗೆಯಿರಿ. ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ಕಣ್ಣಿನ ರೆಪ್ಪೆ ನೋಡಿ. ಕೂದಲು ಬಿಡಿಬಿಡಿಯಾಗಿ ಕಂಡರೆ ಬಿಲ್ ಹಾಕಿಸಿ.