ಸೊಪ್ಪು ಬಿಡಿಸುವ ಜಾಗ ಎಲ್ಲಿ?

ಮೈಸೂರಿನ ಒಂದು ಕುಟುಂಬ ಮನೆ ಪ್ಲಾನ್ ಮಾಡಿಸಲು ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಒಂದು ಚೀಟಿ ಇತ್ತು. ಮೂರು ಬೆಡ್‌ರೂಮು, ದೊಡ್ಡ ಹಾಲು, ಅಡುಗೆಮನೆ, ದೇವರ ಮನೆ, ಎರಡು ಅಟ್ಯಾಚ್ಡ್ ಬಾತ್‌ರೂಮು, ಕಾರಿಗೆ ಜಾಗ. ಸೈಟು ಪೂರ್ವಕ್ಕೆ ರಸ್ತೆ ಇರುವ 30-40. ಎಲ್ಲವೂ ನೆಲಮಹಡಿಯಲ್ಲೇ ಬರಬೇಕು ಅಂದರು.

ಚೀಟಿ ಪಕ್ಕಕ್ಕಿಟ್ಟು ಅವರಿಗೊಂದು ಕೆಲಸ ಕೊಟ್ಟೆ. ಈಗಿರುವ ಬಾಡಿಗೆ ಮನೆಯಲ್ಲಿ ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾರು ಎಲ್ಲಿರುತ್ತೀರಿ, ಏನು ಮಾಡುತ್ತೀರಿ, ಸುಮ್ನೆ ಬರೆದುಕೊಂಡು ಬನ್ನಿ ಅಂದೆ. ಮುಂದಿನ ವಾರ ನಾಲ್ಕು ಹಾಳೆ ಬಂತು. ಏಳರಿಂದ ಎಂಟರವರೆಗೆ ಐದು ಜನ ಒಂದೇ ಬಚ್ಚಲಿಗೆ ಕಾಯುತ್ತಾರೆ. ಮಗಳು ಓದುವುದು ಊಟದ ಮೇಜಿನ ಮೇಲೆ, ಅಮ್ಮ ಕಣ್ಣೆದುರು ಇರಬೇಕು ಅವಳಿಗೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಕುರ್ಚಿಗಳ ಬೆನ್ನ ಮೇಲೆ. ಒಂಬತ್ತೂವರೆಗೆ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಾರೆ. ಸೊಸೆ ಒಲೆ ಮುಂದೆ, ಇವರು ಬಾಗಿಲಲ್ಲಿ, ಇಬ್ಬರ ಮಾತುಕತೆ ನಡೆಯುವುದು ಆಗಲೇ.

ಮೊದಲ ಚೀಟಿಯಲ್ಲಿ ಇದ್ಯಾವುದೂ ಇರಲಿಲ್ಲ. ಓದುವ ಮಗುವಿಗೆ ಜಾಗ ಇಲ್ಲ, ಬಟ್ಟೆಗೆ ಜಾಗ ಇಲ್ಲ, ಅಜ್ಜಿಯ ಮಣೆಗಂತೂ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ಬರುವ ನೆಂಟರಿಗೆ ಮಾತ್ರ ದೊಡ್ಡ ಹಾಲು ಇತ್ತು.

ಈಗ ಜಾಗದ ಲೆಕ್ಕಕ್ಕೆ ಬರೋಣ. 30-40 ಅಂದರೆ 1,200 ಚದರಡಿ ಅಂತ ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಸುತ್ತ ಎಷ್ಟು ಬಿಡಬೇಕು ಅನ್ನುವುದು ಆಯಾ ಊರಿನ ನಿಯಮ. ಲೆಕ್ಕಕ್ಕೆ ಅಂತ ಮೂರು ಕಡೆ 3 ಅಡಿ, ಮುಂದೆ 5 ಅಡಿ ಬಿಟ್ಟೆವು ಅಂತಿಟ್ಟುಕೊಳ್ಳಿ. ಉಳಿಯುವುದು 24ಕ್ಕೆ 32, ಅಂದರೆ 768. ಹೊರಗೋಡೆ ಪ್ಲಾಸ್ಟರ್ ಸೇರಿ 9 ಇಂಚು ಹೋದರೆ ಒಳಗೆ 686. ಮೆಟ್ಟಿಲಿಗೆ ಸುಮಾರು 68 ಕಳೆಯಿರಿ. ಕಾರಿಗೆ 9ಕ್ಕೆ 16 ಬೇಕು. ಮುಂದಿನ 5 ಅಡಿ ಸೇರಿಸಿಕೊಂಡರೂ ಅದು ಒಳಗಿನಿಂದ 100 ಚದರಡಿ ತಿನ್ನುತ್ತದೆ. ಕೊನೆಗೆ ಮನೆ ಅಂತ ಉಳಿದದ್ದು 520ರ ಆಸುಪಾಸು, ಅದರಲ್ಲೇ ಒಳಗೋಡೆಗಳೂ ಬರಬೇಕು. ಈ ಲೆಕ್ಕವನ್ನು ಮನೆಯವರ ಎದುರೇ ಕೂತು ಮಾಡುತ್ತೇನೆ. ಮೂರು ಬೆಡ್‌ರೂಮಿನಲ್ಲಿ ಎರಡು ಮೇಲಕ್ಕೆ ಹೋಗಬೇಕು ಅಂತ ಆಮೇಲೆ ಅವರೇ ಹೇಳುತ್ತಾರೆ.

ಕೋಣೆ ಬರೆಯುವ ಮೊದಲು ಸಾಮಾನು ಬರೆಯಬೇಕು. ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. "ಹತ್ತಕ್ಕೆ ಹತ್ತು ರೂಮು ಸಾಕು" ಅಂತ ಎಷ್ಟೋ ಜನ ಹೇಳುತ್ತಾರೆ. ಅದರೊಳಗೆ ಮಂಚ ಇಡಿ ನೋಡೋಣ. ಕ್ವೀನ್ ಸೈಜಿನ ಮಂಚ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಕಾಲ ಕಡೆಯ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಬಂದರೆ ನಡುವೆ ಉಳಿಯುವುದು ಒಂದೂವರೆ ಅಡಿ. ಬೀರು ಬಾಗಿಲು ತೆಗೆಯಬೇಕಾದರೆ ಮಂಚದ ಮೇಲೆ ಹತ್ತಿ ನಿಲ್ಲಬೇಕು! ಅದೇ ವಾರ್ಡ್‌ರೋಬನ್ನು ಪಕ್ಕದ ಗೋಡೆಗೆ ತಂದು, ಮಂಚವನ್ನು ಎದುರು ಗೋಡೆಗೆ ಸರಿಸಿದರೆ 3 ಅಡಿ ಸಿಗುತ್ತದೆ. ಆದರೆ ಗೋಡೆ ಕಡೆ ಮಲಗಿದವರು ಇನ್ನೊಬ್ಬರನ್ನು ದಾಟಿ ಇಳಿಯಬೇಕು. ಒಂದು ಕಡೆ ಇನ್ನು ಎರಡು ಅಡಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಮುಖ್ಯ ಕೋಣೆಗೆ ಹೇಳುವ ಕನಿಷ್ಠ ಅಳತೆ 9.5 ಚದರ ಮೀಟರ್, ಅಂದರೆ 102 ಚದರಡಿ. ಹತ್ತಕ್ಕೆ ಹತ್ತು ಅದಕ್ಕಿಂತಲೂ ಕಮ್ಮಿ, ಅಲ್ವಾ?

ಬಚ್ಚಲಿನ ವಿಷಯಕ್ಕೆ ನಮ್ಮ ಹಳೆಯ ಮನೆಗಳೇ ದಾರಿ ತೋರಿಸುತ್ತವೆ. ಅಲ್ಲಿ ಸ್ನಾನದ ಬಚ್ಚಲು ಬೇರೆ, ಕಕ್ಕಸು ಬೇರೆ. ಈ ಮನೆಗೂ ಕೆಳಗೆ ಹಾಗೇ ಮಾಡಿದೆವು. ವಾಶ್‌ ಬೇಸಿನ್ ಹೊರಗೆ ಬಂತು. ಬೆಳಗ್ಗೆ ಒಬ್ಬರು ಸ್ನಾನಕ್ಕೆ, ಒಬ್ಬರು ಟಾಯ್ಲೆಟ್‌ಗೆ, ಇನ್ನೊಬ್ಬರು ಹಲ್ಲುಜ್ಜಲು ಒಟ್ಟಿಗೆ ಹೋಗಬಹುದು. ಬೇಕಾದದ್ದು ಒಂದು ಗೋಡೆ, ಒಂದು ಬಾಗಿಲು ಜಾಸ್ತಿ, ಅಷ್ಟೇ.

ಬಚ್ಚಲ ಬಾಗಿಲ ಬಗ್ಗೆ ನನಗೊಂದು ನೋವು ಇದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ವಯಸ್ಸಾದ ದಂಪತಿಗೆ ಮನೆ ಮಾಡಿಕೊಟ್ಟೆ. ಬಚ್ಚಲಿಗೆ ಎರಡೂಕಾಲು ಅಡಿ ಬಾಗಿಲು, ನೀರು ಹೊರಗೆ ಬಾರದಿರಲಿ ಅಂತ 4 ಇಂಚಿನ ಹೊಸ್ತಿಲು. ಕೆಲವು ವರ್ಷದ ಮೇಲೆ ಆ ತಾಯಿ ಬಿದ್ದು ಸೊಂಟದ ಮೂಳೆ ಮುರಿಯಿತು. ವಾಕರ್ ಒಳಗೆ ಹೋಗಲಿಲ್ಲ. ಇಬ್ಬರು ಹಿಡಿದುಕೊಂಡು ಹೊಸ್ತಿಲು ದಾಟಿಸುವುದನ್ನು ನಾನು ನೋಡಿದೆ. ಚೌಕಟ್ಟು ಒಡೆಸಿ ಅಗಲ ಮಾಡಿಸಿದೆವು, ಆದರೆ ಅಷ್ಟು ದಿನ ಅವರು ಪಟ್ಟ ಸಂಕಟ ನನ್ನ ಗೆರೆಯಿಂದ ಬಂದದ್ದು. ಅಂದಿನಿಂದ ಹಿರಿಯರ ಬಚ್ಚಲಿಗೆ 3 ಅಡಿ ಬಾಗಿಲು ಇಡುತ್ತೇನೆ, ಹೊಸ್ತಿಲು ಇಡುವುದಿಲ್ಲ. ನೀರಿಗೆ ನೆಲದ ಇಳಿಜಾರು ಸಾಕು.

ಬಿಸಿಲನ್ನೂ ನೋಡಬೇಕು. ಪಶ್ಚಿಮದ ಗೋಡೆ ಮಧ್ಯಾಹ್ನವೆಲ್ಲ ಕಾದು, ಆ ಶಾಖವನ್ನು ರಾತ್ರಿ ಒಳಗೆ ಬಿಡುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಮಲಗಿದವರಿಗೆ ನಿದ್ದೆ ಇಲ್ಲ. ಅದಕ್ಕೇ ಮೆಟ್ಟಿಲು, ಬಚ್ಚಲು, ಬಟ್ಟೆ ಒಗೆದು ಒಣಗಿಸುವ ಯುಟಿಲಿಟಿ ಎಲ್ಲವನ್ನೂ ಆ ಗೋಡೆಗೆ ಅಂಟಿಸಿದೆವು. 4 ಅಡಿ ಅಗಲದ ಯುಟಿಲಿಟಿಗೆ ಮೇಲೆ ಸೂರು, ಬದಿಗೆ ಜಾಲಿ. ಮಳೆ ಬಂದರೂ ಗಾಳಿ ಆಡುತ್ತದೆ, ಬಟ್ಟೆ ಒಣಗುತ್ತದೆ.

ವಾಸ್ತು ಕೇಳುವವರೊಂದಿಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಮೊದಲ ದಿನವೇ ಹೇಳಿಬಿಡಿ ಅನ್ನುತ್ತೇನೆ. ಪಾಯ ತೆಗೆದ ಮೇಲೆ ಅಡುಗೆಮನೆ ಆಗ್ನೇಯಕ್ಕೆ ಹೋಗಲಿ ಅಂದರೆ ಎಲ್ಲ ಕೆಡುತ್ತದೆ. ಈ ಮನೆಯವರು ಮೊದಲೇ ಹೇಳಿದ್ದರು. ರಸ್ತೆ ಪೂರ್ವಕ್ಕಿದ್ದದ್ದರಿಂದ ಅಡುಗೆಮನೆ ಮುಂದಿನ ಮೂಲೆಗೆ ಬಂತು, ಬೆಳಗಿನ ಬಿಸಿಲು ಸಿಕ್ಕಿತು.

ಕಾಗದದ ಮೇಲೆ ಪ್ಲಾನ್ ಮುಗಿದ ಮೇಲೆ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಸಿದೆ. ಬಾಗಿಲಿಗೆ ಜಾಗ ಬಿಟ್ಟು, ಎಲ್ಲರೂ ಗೆರೆಯೊಳಗೇ ಓಡಾಡಿ ಅಂದೆ. ಮಗಳು ಊಟದ ಮೇಜಿನ ಜಾಗದಲ್ಲಿ ನಿಂತು "ಅಮ್ಮ ಕಾಣ್ತಾಳೆ" ಅಂದಳು. ಸೊಸೆ ಕೈಯಲ್ಲಿ ಪಾತ್ರೆ ಇದ್ದ ಹಾಗೆ ಒಲೆಯಿಂದ ಸಿಂಕಿಗೆ, ಅಲ್ಲಿಂದ ಮೇಜಿಗೆ ನಡೆದು ನೋಡಿದರು. ಅಜ್ಜಿ ಮನೆಯಿಂದ ಮಣೆ ತಂದಿದ್ದರು. ಅಡುಗೆಮನೆಯ ಬದಿಗೆ ಅವರಿಗೆಂದೇ ಬಿಟ್ಟ 3 ಅಡಿ ಜಾಗದಲ್ಲಿ ಅದನ್ನು ಹಾಕಿ ಕೂತರು.

"ಇಲ್ಲಿ ಕೂತ್ರೆ ರಸ್ತೆ ಕಾಣುತ್ತಾ?" ಅಂತ ಕೇಳಿದರು.

ಕಿಟಕಿ ನೆಲದಿಂದ 3 ಅಡಿ ಮೇಲೆ ಶುರುವಾಗುತ್ತಿತ್ತು. ಟೇಪು ಹಿಡಿದು ನೋಡಿದೆ. ಮಣೆ ಮೇಲೆ ಕೂತ ಅಜ್ಜಿಯ ಕಣ್ಣು ನೆಲದಿಂದ ಎರಡೂವರೆ ಅಡಿಗೆ ಬರುತ್ತಿತ್ತು. ಅವರಿಗೆ ಬರೀ ಗೋಡೆ ಕಾಣುತ್ತಿತ್ತು. ಅಲ್ಲೇ ಪ್ಲಾನ್ ಹಾಳೆ ತೆಗೆದು, ಆ ಒಂದು ಕಿಟಕಿಯನ್ನು ಒಂದೂವರೆ ಅಡಿಗೆ ಇಳಿಸಿ ಬರೆದೆ.